ಮುಖದ ಬಂಗಿಗೆ ಕ್ರೀಮು, ಅಂಗಾಲಿನ ಕಲೆಗೆ ಮೌನ

ಬಸುರಿಯ ಕೆನ್ನೆಯಲ್ಲಿ ಕಂದು ಕಲೆ ಮೂಡಿದರೆ ಮನೆಯಲ್ಲಿ ಎಲ್ಲರ ಕಣ್ಣೂ ಅದರ ಮೇಲೆಯೇ. ನಾದಿನಿ ಒಂದು ಕ್ರೀಮಿನ ಹೆಸರು ಹೇಳುತ್ತಾಳೆ, ನೆರೆಮನೆಯವರು ಇನ್ನೊಂದು ಹೇಳುತ್ತಾರೆ, ಗಲ್ಫಿನಲ್ಲಿರುವ ತಮ್ಮ ಮೂರನೆಯದನ್ನು ಕಳಿಸಿಕೊಡುತ್ತಾನೆ. ಅದೇ ಮನೆಯ ಹಿರಿಯರ ಅಂಗಾಲಿನಲ್ಲಿ ಆರು ತಿಂಗಳಿಂದ ಕಪ್ಪು ಕಲೆಯೊಂದು ಹರಡುತ್ತಿದ್ದರೆ "ಅದು ಆಣಿ, ತೋಟದಲ್ಲಿ ನಡೆದು ನಡೆದು ಬಂದದ್ದು" ಅಂತ ಎಲ್ಲರೂ ಸುಮ್ಮನಾಗುತ್ತಾರೆ. ಹೆದರಬೇಕಾದ ಕಡೆ ನಾವು ಹೆದರುತ್ತಿಲ್ಲ, ಹೆದರಬೇಕಿಲ್ಲದ ಕಡೆ ಹೆದರುತ್ತಿದ್ದೇವೆ.

ಇದರ ಜೊತೆಗೆ "ಹಾರ್ಮೋನ್‌ನಿಂದ ಚರ್ಮದ ಕ್ಯಾನ್ಸರ್ ಬರುತ್ತದಂತೆ" ಎಂಬ ಮಾತು ಬೇರೆ. ಮಾತ್ರೆ ನುಂಗುವ ಹೆಂಗಸರಿಗೆ ಭಯ, ಮುಖದಲ್ಲಿ ಬಂಗು ಬಂದವರಿಗೆ ಇನ್ನೂ ಹೆಚ್ಚು ಭಯ. ಹಾರ್ಮೋನ್‌ಗೂ ಚರ್ಮಕ್ಕೂ ಸಂಬಂಧ ಇದೆ, ಅದು ನಿಜ. ಆದರೆ ಆ ಸಂಬಂಧ ನಾವು ತಿಳಿದುಕೊಂಡ ಹಾಗೆ ಇಲ್ಲ. ಕೊಡಗಿನ ತೋಟಗಳಲ್ಲಿ, ಪೇಟೆಗಳಲ್ಲಿ ಇರುವ ನಮ್ಮ ಕುಟುಂಬಗಳು ಇದನ್ನು ಸರಿಯಾಗಿ ತಿಳಿದುಕೊಳ್ಳುವುದು ಒಳ್ಳೆಯದು.

ಬಂಗು ಕ್ಯಾನ್ಸರ್ ಅಲ್ಲ

ನಮ್ಮ ಚರ್ಮಕ್ಕೆ ಬಣ್ಣ ಕೊಡುವ ವಸ್ತುವಿನ ಹೆಸರು ಮೆಲನಿನ್. ಅದನ್ನು ತಯಾರಿಸುವ ಜೀವಕೋಶಗಳು ಚರ್ಮದ ಮೇಲ್ಪದರದ ಬುಡದಲ್ಲಿರುತ್ತವೆ. ಬಸುರಿನಲ್ಲಿ ದೇಹದ ಈಸ್ಟ್ರೊಜೆನ್, ಪ್ರೊಜೆಸ್ಟರಾನ್ ಹಾರ್ಮೋನುಗಳು ಏರುತ್ತವೆ. ಬಣ್ಣದ ಜೀವಕೋಶಗಳನ್ನು ಕೆರಳಿಸುವ ಇನ್ನೊಂದು ಹಾರ್ಮೋನೂ ಹೆಚ್ಚಾಗುತ್ತದೆ. ಇದರ ಮೇಲೆ ಬಿಸಿಲು ಬಿದ್ದಾಗ ಕೆನ್ನೆ, ಹಣೆ, ಮೇಲ್ತುಟಿಯ ಮೇಲೆ ಕಂದು ಬಣ್ಣ ಕಟ್ಟುತ್ತದೆ. ಇದೇ ಬಂಗು. ಹೊಟ್ಟೆಯ ನಡುವೆ ಕಪ್ಪು ಗೆರೆ ಮೂಡುವುದಕ್ಕೂ ಕಾರಣ ಹಾರ್ಮೋನುಗಳೇ.

ಬಂಗು ಕ್ಯಾನ್ಸರ್ ಅಲ್ಲ, ಮುಂದೆ ಕ್ಯಾನ್ಸರ್ ಆಗಿ ಮಾರ್ಪಡುವುದೂ ಇಲ್ಲ. ಅನೇಕರಿಗೆ ಹೆರಿಗೆಯಾದ ಕೆಲವು ತಿಂಗಳಲ್ಲಿ ತಾನಾಗಿಯೇ ತಿಳಿಯಾಗುತ್ತದೆ. ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತದೆ. ಬಿಸಿಲಿನಿಂದ ಮುಖ ಕಾಪಾಡಿಕೊಳ್ಳುವುದೇ ಅದಕ್ಕೆ ಮೊದಲ ಮದ್ದು. ಕೊಡೆ, ಶಾಲಿನ ಅಂಚು, ಡಾಕ್ಟರು ಹೇಳಿದ ಸನ್‌ಸ್ಕ್ರೀನ್, ಇಷ್ಟರಿಂದಲೇ ಅರ್ಧ ಕೆಲಸ ಆಗುತ್ತದೆ. ಬಸುರಿನಲ್ಲಿ ಹಚ್ಚಬಾರದ ಔಷಧಿಗಳು ಇರುವುದರಿಂದ ಆ ಸಮಯದಲ್ಲಿ ಡಾಕ್ಟರನ್ನು ಕೇಳದೆ ಯಾವ ಕ್ರೀಮನ್ನೂ ಹಚ್ಚಬೇಡಿ.

ಹಾಗಾದರೆ ಹಾರ್ಮೋನಿನ ಪಾತ್ರ ಏನು?

ಚರ್ಮದ ಕ್ಯಾನ್ಸರಿನಲ್ಲಿ ಮುಖ್ಯವಾಗಿ ಮೂರು ಬಗೆ. ಎರಡು ಬಗೆ ಮೇಲ್ಪದರದ ಸಾಮಾನ್ಯ ಜೀವಕೋಶಗಳಲ್ಲಿ ಹುಟ್ಟುತ್ತವೆ, ಹೆಚ್ಚಾಗಿ ನಿಧಾನವಾಗಿ ಬೆಳೆಯುತ್ತವೆ. ಮೂರನೆಯದು ಮೆಲನೋಮಾ. ಬಣ್ಣದ ಜೀವಕೋಶಗಳಲ್ಲೇ ಹುಟ್ಟುವ ಇದು ಬೇಗ ಹರಡುತ್ತದೆ, ಹೆಚ್ಚು ಅಪಾಯಕಾರಿ.

ಮೆಲನೋಮಾದಲ್ಲಿ ಗಂಡು ಹೆಣ್ಣಿನ ನಡುವೆ ವ್ಯತ್ಯಾಸ ಇರುವುದು ಬಹಳ ಕಾಲದಿಂದ ಗೊತ್ತಿದೆ. ಅಮೆರಿಕದ ಲೆಕ್ಕ ನೋಡಿದರೆ 50 ವರ್ಷದೊಳಗೆ ಹೆಂಗಸರಲ್ಲಿ ಹೆಚ್ಚು. 65ರ ಹೊತ್ತಿಗೆ ಗಂಡಸರಲ್ಲಿ ಅದರ ಎರಡು ಪಟ್ಟು, 80ರ ಹೊತ್ತಿಗೆ ಮೂರು ಪಟ್ಟು. ಕಾಯಿಲೆ ಬಂದ ಮೇಲೆ ಬದುಕಿ ಉಳಿಯುವುದರಲ್ಲಿ ಹೆಂಗಸರೇ ಮುಂದೆ. ಇದಕ್ಕೆ ಹಾರ್ಮೋನು ಕಾರಣವೋ, ಹೆಂಗಸರು ತಮ್ಮ ಮೈಯನ್ನು ಹೆಚ್ಚು ಗಮನಿಸಿ ಬೇಗ ತೋರಿಸಿಕೊಳ್ಳುವುದು ಕಾರಣವೋ ಎಂದು ಸಂಶೋಧಕರು ಹುಡುಕುತ್ತಲೇ ಇದ್ದಾರೆ.

ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2018ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಹೆಂಗಸರಲ್ಲಿ, ಅದರಲ್ಲೂ ಹಿಂದೆ ಗರ್ಭ ಧರಿಸಿದವರಲ್ಲಿ ಮೆಲನೋಮಾದ ಫಲಿತಾಂಶ ಉತ್ತಮವಾಗಿರುವುದನ್ನು ಗಮನಿಸಿ ಅವರು ಈ ಕೆಲಸಕ್ಕೆ ಕೈಹಾಕಿದ್ದರು. ಈಸ್ಟ್ರೊಜೆನ್ ಹಾರ್ಮೋನಿನ ಸಂದೇಶವನ್ನು ಸ್ವೀಕರಿಸುವ ಒಂದು ಭಾಗ ಜೀವಕೋಶದಲ್ಲಿದೆ. ಇಲಿಗಳಲ್ಲಿ ಅದನ್ನು ಚುರುಕುಗೊಳಿಸಿದಾಗ ಮೆಲನೋಮಾ ಗಡ್ಡೆಯ ಬೆಳವಣಿಗೆ ಕುಗ್ಗಿತು, ರೋಗನಿರೋಧಕ ಚಿಕಿತ್ಸೆಗೂ ಅದು ಹೆಚ್ಚು ಬಗ್ಗಿತು. ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯರಲ್ಲೂ ಹಾಗೇ ಆಗಬೇಕೆಂದಿಲ್ಲ. ಆದರೂ ಹೆಣ್ಣಿನ ಹಾರ್ಮೋನ್ ಅಂದರೆ ಕ್ಯಾನ್ಸರಿನ ಬೀಜ ಎಂಬ ಮಾತು ಎಷ್ಟು ಅರೆಬೆಂದದ್ದು ಎನ್ನುವುದು ಇದರಿಂದ ಗೊತ್ತಾಗುತ್ತದೆ.

ಮನುಷ್ಯರ ಮೇಲೆ ನಡೆದ ಅಧ್ಯಯನವೂ ಇದೆ. ಅಮೆರಿಕದಲ್ಲಿ ಮುಟ್ಟು ನಿಂತ 27 ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹಾರ್ಮೋನ್ ಮಾತ್ರೆ, ಇನ್ನೊಂದಕ್ಕೆ ಔಷಧಿ ಇಲ್ಲದ ಬರೀ ಮಾತ್ರೆ ಕೊಟ್ಟು ವರ್ಷಗಟ್ಟಲೆ ಗಮನಿಸಿದರು. 2011ರಲ್ಲಿ ಪ್ರಕಟವಾದ ಫಲಿತಾಂಶದಂತೆ ಚರ್ಮದ ಕ್ಯಾನ್ಸರಿನಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ಮಾತ್ರೆಗಳ ಬಗ್ಗೆ ಒಂದು ಮಾತು

ಹೆರಿಗೆಗಳ ನಡುವೆ ಅಂತರ ಇಡಲು ಆಶಾ ಕಾರ್ಯಕರ್ತೆಯರ ಮೂಲಕ ಸಿಗುವ ಮಾಲಾ-ಎನ್ ಹಾರ್ಮೋನ್ ಮಾತ್ರೆ. ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದೂ ಹಾರ್ಮೋನೇ. ಛಾಯಾ ಮಾತ್ರೆಯಲ್ಲಿ ಹಾರ್ಮೋನ್ ಇಲ್ಲ. ಗರ್ಭನಿರೋಧಕ ಮಾತ್ರೆಯ ಕುರಿತು ಕೆಲವು ಅಧ್ಯಯನಗಳಲ್ಲಿ ಮೆಲನೋಮಾ ಸ್ವಲ್ಪ ಹೆಚ್ಚು ಕಂಡದ್ದುಂಟು. ಆದರೆ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಅದು ಗಟ್ಟಿಯಾಗಿ ನಿಂತಿಲ್ಲ. ಮಾತ್ರೆಯಿಂದ ಕೆಲವರಿಗೆ ಬಂಗು ಹೆಚ್ಚಾಗುವುದು ಮಾತ್ರ ನಿಜ. ಹಾಗೆ ಆದರೆ ಮಾತ್ರೆಯನ್ನು ಮನಸ್ಸಿಗೆ ಬಂದಂತೆ ನಿಲ್ಲಿಸುವ ಬದಲು ಆರೋಗ್ಯ ಕೇಂದ್ರದಲ್ಲಿ ಹೇಳಿ, ಬೇರೆ ದಾರಿ ಕೇಳಿ.

ಹಜ್, ಉಮ್ರಾಕ್ಕೆ ಹೊರಡುವ ಹೆಂಗಸರು ಮುಟ್ಟು ಮುಂದೂಡಲು ತೆಗೆದುಕೊಳ್ಳುವುದೂ ಹಾರ್ಮೋನ್ ಮಾತ್ರೆಯೇ. ಕೆಲವೇ ದಿನ ನುಂಗುವ ಇದಕ್ಕೆ ಹೆದರಿ ಯಾತ್ರೆಯ ನೆಮ್ಮದಿ ಕಳೆದುಕೊಳ್ಳಬೇಕಿಲ್ಲ. ಆದರೆ ರಕ್ತ ಹೆಪ್ಪುಗಟ್ಟುವ ತೊಂದರೆ, ಲಿವರ್ ತೊಂದರೆ ಇದ್ದವರಿಗೆ ಇದು ಆಗುವುದಿಲ್ಲ. ಹಾಗಾಗಿ ಹಿಂದಿನ ವರ್ಷ ಹೋಗಿ ಬಂದವರು ಕೊಟ್ಟ ಮಾತ್ರೆಯನ್ನೇ ನುಂಗುವುದು ಬೇಡ. ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ.

ನಿಜವಾಗಿ ಹೆದರಬೇಕಾದ ಹಾರ್ಮೋನ್ ಟ್ಯೂಬಿನೊಳಗಿದೆ

ನುಂಗುವ ಮಾತ್ರೆಗೆ ಹೆದರುವ ನಾವೇ ಇನ್ನೊಂದು ಹಾರ್ಮೋನನ್ನು ದಿನವೂ ಮುಖಕ್ಕೆ ಬಳಿದುಕೊಳ್ಳುತ್ತೇವೆ. ಅದರ ಹೆಸರು ಸ್ಟಿರಾಯ್ಡ್. ನಮ್ಮ ಕಿಡ್ನಿಯ ಮೇಲಿರುವ ಸಣ್ಣ ಗ್ರಂಥಿಗಳು ತಯಾರಿಸುವ ಹಾರ್ಮೋನಿನ ಮಾದರಿಯಲ್ಲೇ ಮಾಡಿದ ಔಷಧಿ ಅದು. ಬೆಟಾಮೆಥಸೋನ್, ಕ್ಲೊಬೆಟಸಾಲ್, ಮೊಮೆಟಸೋನ್ ಎಂಬ ಹೆಸರು ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಇಸುಬಿನಂಥ ಕಾಯಿಲೆಗೆ ಡಾಕ್ಟರು ಹೇಳಿದಷ್ಟು ದಿನ ಹಚ್ಚಿದರೆ ಒಳ್ಳೆಯ ಮದ್ದು. ಮುಖ ಬೆಳ್ಳಗಾಗಲಿ ಅಂತ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಕೆಂಪು ನರಗಳು ಎದ್ದು ಕಾಣುತ್ತವೆ, ಮೊಡವೆ ಬರುತ್ತದೆ, ಕೂದಲು ಬೆಳೆಯುತ್ತದೆ. ಬಿಟ್ಟರೆ ಉರಿ, ಬಿಟ್ಟರೆ ಮೊದಲಿಗಿಂತ ಕಪ್ಪು. ಆ ಭಯಕ್ಕೆ ಮತ್ತೆ ಹಚ್ಚುತ್ತಾರೆ.

ಇಂಥ ಕ್ರೀಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಎಂದು ಕೇಂದ್ರ ಸರಕಾರ 2018ರಲ್ಲಿ ನಿಯಮ ಬಿಗಿ ಮಾಡಿದೆ. ಆದರೂ ನಾವು ಅಂಗಡಿಯಲ್ಲಿ ಹೆಸರು ಹೇಳಿ ಕೇಳುತ್ತೇವೆ.

ಕ್ಯಾನ್ಸರಿನ ವಿಷಯದಲ್ಲಿ ಇದರ ದೊಡ್ಡ ತೊಂದರೆ ಏನೆಂದರೆ, ಸ್ಟಿರಾಯ್ಡ್ ಕ್ರೀಮು ಕಾಯಿಲೆಯ ಮುಖ ಮುಚ್ಚುತ್ತದೆ. ಕೆಂಪು, ತುರಿಕೆ, ಊತ ತಾತ್ಕಾಲಿಕವಾಗಿ ಇಳಿಯುತ್ತದೆ. "ಕಡಿಮೆ ಆಯ್ತಲ್ಲ" ಅಂತ ಮನೆಯವರು ಸಮಾಧಾನಪಡುತ್ತಾರೆ. ಒಳಗೆ ಅದು ಬೆಳೆಯುತ್ತಿದ್ದರೆ ಡಾಕ್ಟರ ಹತ್ತಿರ ಹೋಗುವ ಹೊತ್ತಿಗೆ ತಿಂಗಳುಗಳು ಕಳೆದಿರುತ್ತವೆ.

ಇನ್ನೊಂದು ವಿಷ ಪಾದರಸ. ಮೆಲನಿನ್ ತಯಾರಾಗುವುದನ್ನು ತಡೆಯುವುದರಿಂದ ಮುಖ ಬೇಗ ಬಿಳುಪಾಗುತ್ತದೆ, ಅದಕ್ಕೇ ಕೆಲವರು ಕ್ರೀಮಿಗೆ ಬೆರೆಸುತ್ತಾರೆ. ಅದು ಚರ್ಮದ ಮೂಲಕ ರಕ್ತಕ್ಕೆ ಇಳಿದು ಕಿಡ್ನಿಯನ್ನು ಕೆಡಿಸುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್‌ನಲ್ಲಿ ಆಸ್ಟರ್ ಮಿಮ್ಸ್ ಆಸ್ಪತ್ರೆಯ ಕಿಡ್ನಿ ತಜ್ಞರು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಒಂದು ಬಗೆಯ ಕಿಡ್ನಿ ಕಾಯಿಲೆಯ 22 ರೋಗಿಗಳನ್ನು ನೋಡಿದರು. ಅವರಲ್ಲಿ 15 ಮಂದಿಯಲ್ಲಿ ಅಪರೂಪದ ಒಂದು ಗುರುತು ಸಿಕ್ಕಿತು. ಆ 15ರಲ್ಲಿ 13 ಮಂದಿ ಬಿಳುಪಿನ ಕ್ರೀಮು ಹಚ್ಚುತ್ತಿದ್ದವರು. ಕೇರಳದ ಔಷಧ ನಿಯಂತ್ರಣ ಇಲಾಖೆ 2023ರಲ್ಲಿ 'ಆಪರೇಷನ್ ಸೌಂದರ್ಯ' ಎಂಬ ಹೆಸರಿನಲ್ಲಿ ಇಂಥ ಕ್ರೀಮುಗಳ ತಪಾಸಣೆಗೆ ಇಳಿಯಿತು. ಮಲಪ್ಪುರಂ ನಮಗೆ ದೂರದ ಊರಲ್ಲ. ಅಲ್ಲಿಗೆ ಬರುವ ಡಬ್ಬಿಗಳು ಇಲ್ಲಿಗೂ ಬರುತ್ತವೆ, ಮದುವೆಗೆ ಎರಡು ತಿಂಗಳಿರುವಾಗ ಹೆಣ್ಣುಮಕ್ಕಳ ಕೈಗೆ ಸೇರುತ್ತವೆ. ತಯಾರಕರ ವಿಳಾಸ, ಬ್ಯಾಚ್ ನಂಬರ್, ಒಳಗೆ ಏನಿದೆ ಎಂಬ ವಿವರ ಇಲ್ಲದ ಡಬ್ಬಿಯನ್ನು ಯಾರು ಪ್ರೀತಿಯಿಂದ ಕೊಟ್ಟರೂ ತೆರೆಯಬೇಡಿ.

ಇನ್ನೂ ಒಂದು ವಿಷಯ ಇದೆ. ನಮ್ಮ ಕಂದು ಚರ್ಮ ದೋಷವಲ್ಲ, ಅಲ್ಲಾಹನು ಹೊದಿಸಿದ ಕೊಡೆ. ಮೆಲನಿನ್ ಬಿಸಿಲಿನ ನೇರಳಾತೀತ ಕಿರಣಗಳನ್ನು ಹೀರಿಕೊಂಡು ಒಳಗಿನ ಜೀವಕೋಶಗಳನ್ನು ಕಾಪಾಡುತ್ತದೆ. ಬಿಳಿಯರ ದೇಶಗಳಲ್ಲಿ ಸಾಮಾನ್ಯವಾಗಿರುವ ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಬಹಳ ಕಡಿಮೆ ಇರುವುದಕ್ಕೆ ಮುಖ್ಯ ಕಾರಣ ಈ ಬಣ್ಣವೇ. ಹುಟ್ಟಿನಿಂದಲೇ ಮೆಲನಿನ್ ಇಲ್ಲದ, ಮೈ ಕೂದಲು ಬಿಳಿಯಾಗಿರುವವರಿಗೆ ಚರ್ಮದ ಕ್ಯಾನ್ಸರಿನ ಅಪಾಯ ಹೆಚ್ಚು. ನಮ್ಮ ಜಮಾಅತ್‌ಗಳಲ್ಲಿ ಅಂಥ ಮಕ್ಕಳಿದ್ದರೆ ಅಗಲ ಅಂಚಿನ ಟೋಪಿ, ಉದ್ದ ತೋಳಿನ ಅಂಗಿ, ಸನ್‌ಸ್ಕ್ರೀನ್ ಅವರಿಗೆ ಅಲಂಕಾರವಲ್ಲ, ಅಗತ್ಯ. ಇದ್ದ ಕೊಡೆಯನ್ನು ನಾವೇ ಹಣ ಕೊಟ್ಟು ಹರಿದುಕೊಳ್ಳುವುದು ಯಾವ ಬುದ್ಧಿವಂತಿಕೆ?

ಮಂಜಿನ ಊರಿಗೂ ಬಿಸಿಲುಂಟು

ಕೊಡಗು ತಂಪು, ಇಲ್ಲಿ ಬಿಸಿಲಿನ ಹೆದರಿಕೆ ಇಲ್ಲ ಎನ್ನುವವರು ಬಹಳ. ಮಡಿಕೇರಿ ಸಮುದ್ರ ಮಟ್ಟದಿಂದ 1,100 ಮೀಟರಿಗಿಂತ ಎತ್ತರದಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಪ್ರತಿ 1,000 ಮೀಟರ್ ಏರಿದರೆ ನೇರಳಾತೀತ ಕಿರಣ ಸುಮಾರು ಶೇ. 10ರಷ್ಟು ಹೆಚ್ಚಾಗುತ್ತದೆ. ತೆಳು ಮೋಡವನ್ನು ದಾಟಿ ಶೇ. 80ರವರೆಗೂ ಕೆಳಗೆ ಬರಬಲ್ಲದು. ಸೆಖೆ ಇಲ್ಲದಿದ್ದರೂ ಕಿರಣ ಇರುತ್ತದೆ. ಕಾಫಿ ಕಣದಲ್ಲಿ ದಿನವಿಡೀ ಕಾಯಿ ಕೆದಕುವವರು, ಗದ್ದೆಯಲ್ಲಿ ನಿಲ್ಲುವವರು, ಕುಶಾಲನಗರ, ಸುಂಟಿಕೊಪ್ಪದ ಸಂತೆಯಲ್ಲಿ ತೆರೆದ ಜಾಗದಲ್ಲಿ ವ್ಯಾಪಾರ ಮಾಡುವವರು ಇದನ್ನು ಮರೆಯಬಾರದು. ಮರದ ನೆರಳಿನ ಕಾಫಿ ತೋಟದೊಳಗೆ ಅಷ್ಟು ತೊಂದರೆ ಇಲ್ಲ.

ಗಲ್ಫಿನಲ್ಲಿ ಕಟ್ಟಡದ ಕೆಲಸ, ಡೆಲಿವರಿ ಕೆಲಸ ಮಾಡುವ ನಮ್ಮ ಮಕ್ಕಳಿಗಂತೂ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆವರೆಗೆ ಬಯಲಿನ ಕೆಲಸಕ್ಕೆ ನಿಷೇಧ ಇದೆ. ಫೋನಿನಲ್ಲಿ ಊಟ ಆಯ್ತಾ ಎಂದು ಕೇಳುವಾಗ ತಲೆಗೆ, ಕತ್ತಿಗೆ ಏನು ಕಟ್ಟಿಕೊಂಡಿದ್ದೀಯಾ ಎಂದೂ ಕೇಳಿ.

ಹಾಗಂತ ಬಿಸಿಲು ಪೂರ್ತಿ ಶತ್ರುವಲ್ಲ. ಚರ್ಮದಲ್ಲಿ ವಿಟಮಿನ್ ಡಿ ತಯಾರಾಗಲು ಬಿಸಿಲು ಬೇಕು, ಆ ವಿಟಮಿನ್ ದೇಹದೊಳಗೆ ಕೆಲಸ ಮಾಡುವುದೂ ಹಾರ್ಮೋನಿನಂತೆಯೇ. ಮನೆಯ ಹಿಂದಿನ ಮರೆಯಲ್ಲಿ ಸ್ವಲ್ಪ ಹೊತ್ತು ಕೈಕಾಲಿಗೆ ಬಿಸಿಲು ತಾಗುವುದು ಹೆಂಗಸರಿಗೆ ಒಳ್ಳೆಯದೇ.

ಎಲ್ಲ ಕಪ್ಪೂ ಆಣಿಯಲ್ಲ

ಈಗ ನಾವು ಸುಮ್ಮನಾಗುವ ಕಲೆಯ ವಿಷಯಕ್ಕೆ ಬರೋಣ. ಕಂದು ಚರ್ಮದವರಿಗೆ ಮೆಲನೋಮಾ ಬಂದರೆ ಹೆಚ್ಚಾಗಿ ಬರುವುದು ಬಿಸಿಲು ಬೀಳದ ಕಡೆ: ಅಂಗಾಲು, ಅಂಗೈ, ಉಗುರಿನ ಅಡಿ. ಇದಕ್ಕೂ ಬಿಸಿಲಿಗೂ ಅಷ್ಟಾಗಿ ಸಂಬಂಧ ಇಲ್ಲ, ಬಂಗಿಗೂ ಸಂಬಂಧ ಇಲ್ಲ. ಜಮೈಕಾದ ಹೆಸರಾಂತ ಗಾಯಕ ಬಾಬ್ ಮಾರ್ಲೆಗೆ 1977ರಲ್ಲಿ ಕಾಲ್ಬೆರಳ ಉಗುರಿನಡಿ ಕಂಡದ್ದು ಇದೇ. ಫುಟ್‌ಬಾಲ್ ಆಡುವಾಗ ಆದ ಗಾಯ ಎಂದು ಮೊದಲು ಭಾವಿಸಲಾಗಿತ್ತು. 1981ರಲ್ಲಿ, 36ನೇ ವಯಸ್ಸಿಗೆ, ಅವರು ತೀರಿಕೊಂಡರು.

ನಮ್ಮಲ್ಲಿ ಫುಟ್‌ಬಾಲಿನ ಗಾಯದ ಬದಲು ಆಣಿ, ಕಾಫಿ ಗಿಡದ ಕೂಳೆ ತಾಗಿದ್ದು, ಜಿಗಣೆ ಕಚ್ಚಿದ್ದು ಅಂತೀವಿ. ಹೆಚ್ಚಿನವು ನಿಜವಾಗಿಯೂ ಅಷ್ಟೇ ಆಗಿರುತ್ತವೆ. ಆದರೆ ಗಾಯವಾದರೆ ವಾರಗಳಲ್ಲಿ ಮಾಯಬೇಕು. ಆಣಿ ಚರ್ಮದ ಬಣ್ಣದಲ್ಲಿ ಗಟ್ಟಿಯಾಗಿರುತ್ತದೆ, ಶಾಯಿ ಚೆಲ್ಲಿದ ಹಾಗೆ ಹರಡುವುದಿಲ್ಲ. ಕಲೆಯ ಒಂದು ಬದಿ ಇನ್ನೊಂದರಂತಿಲ್ಲದಿದ್ದರೆ, ಅಂಚು ಹರಿದಂತಿದ್ದರೆ, ಒಂದೇ ಕಲೆಯಲ್ಲಿ ಎರಡು ಮೂರು ಬಣ್ಣ ಇದ್ದರೆ, ಪೆನ್ಸಿಲ್ಲಿನ ಹಿಂಬದಿಗಿಂತ ದೊಡ್ಡದಾಗುತ್ತಿದ್ದರೆ, ರಕ್ತ ಜಿನುಗಿದರೆ ತಡಮಾಡಬಾರದು. ಉಗುರಿನಲ್ಲಿ ಕಪ್ಪು ಗೆರೆ ಅಗಲವಾಗುತ್ತಾ ಬುಡದ ಚರ್ಮಕ್ಕೂ ಇಳಿದರೆ ಅದೂ ಹಾಗೆಯೇ. ಬ್ಲೇಡಿನಿಂದ ಕೆತ್ತುವುದು, ಸುಣ್ಣ ಹಚ್ಚುವುದು, ಆಸಿಡ್ ಪಟ್ಟಿ ಅಂಟಿಸುವುದು ಯಾವುದೂ ಬೇಡ.

ತಿಂಗಳು ಕಳೆದರೂ ಒಣಗದ ಹುಣ್ಣು, ಹಳೆಯ ಸುಟ್ಟ ಕಲೆಯ ಮೇಲೆ ಮತ್ತೆ ಎದ್ದ ಗಾಯ, ಶುಗರ್ ಇರುವವರ ಕಾಲಿನಲ್ಲಿ ಅಂಚು ಗಟ್ಟಿಯಾಗಿ ಬೆಳೆಯುವ ಹುಣ್ಣು ಇವುಗಳನ್ನೂ ತೋರಿಸಬೇಕು.

ಬಸುರಿಯರ ವಿಷಯದಲ್ಲಿ ಇನ್ನೊಂದು ತಪ್ಪು ಆಗುತ್ತದೆ. "ಬಸುರಿಯಲ್ವಾ, ಮಚ್ಚೆ ಕಪ್ಪಾಗೋದು ಸಹಜ, ಹಾರ್ಮೋನ್" ಅಂತ ಹೇಳಿ ಮುಗಿಸುತ್ತೇವೆ. ಹೊಟ್ಟೆ, ಎದೆಯ ಚರ್ಮ ಹಿಗ್ಗುವಾಗ ಅಲ್ಲಿನ ಮಚ್ಚೆ ಸ್ವಲ್ಪ ಅಗಲವಾಗಬಹುದು. ಆದರೆ ಬೆನ್ನು, ಕಾಲು, ಪಾದದ ಮಚ್ಚೆ ಬದಲಾಗುತ್ತಿದ್ದರೆ ಹಾರ್ಮೋನಿನ ಮೇಲೆ ಹೊರೆ ಹಾಕಿ ಹೆರಿಗೆಯವರೆಗೆ ಕಾಯಬಾರದು. ಆ ಜಾಗಕ್ಕಷ್ಟೇ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಸಣ್ಣ ತುಂಡು ತೆಗೆದು ಪರೀಕ್ಷಿಸುವುದು ಬಸುರಿನಲ್ಲೂ ಸಾಧ್ಯ. ಬಾಣಂತಿಯನ್ನು ಮೀಯಿಸುವ ಹಿರಿಯ ಹೆಂಗಸರು ಅವಳ ಬೆನ್ನನ್ನು ಒಮ್ಮೆ ಗಮನವಿಟ್ಟು ನೋಡಿದರೆ ಅವಳಿಗೇ ಕಾಣದ್ದು ಕಾಣುತ್ತದೆ.

ದಿನಕ್ಕೆ ಐದು ಸಲ ಅವಕಾಶ

ಕಾಲು ನೋಡಿಕೊಳ್ಳಲು ನಮಗೆ ಬೇರೆ ಸಮಯ ಬೇಕಿಲ್ಲ. ಮದ್ರಸದ ಕೆಳಗಿನ ತರಗತಿಯಲ್ಲೇ ವುಳೂ ಕಲಿಸುವಾಗ ಎಡಗೈಯ ಕಿರುಬೆರಳಿನಿಂದ ಕಾಲ್ಬೆರಳ ಸಂದುಗಳನ್ನು ಉಜ್ಜಬೇಕೆಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಹಿಮ್ಮಡಿ ಒಣಗಿ ಉಳಿಯದಂತೆ ನೋಡಿಕೊಳ್ಳಬೇಕೆಂದು ಪ್ರವಾದಿ (ಸ) ಎಚ್ಚರಿಸಿದ್ದಾರೆ. ನೀರು ಮುಟ್ಟಿದ ಜಾಗವನ್ನು ಕಣ್ಣೂ ಮುಟ್ಟಲಿ. ದಿನವೂ ಬೇಡ, ಜುಮಾ ದಿನ ಸ್ನಾನ ಮಾಡಿ ಉಗುರು ಕತ್ತರಿಸುವಾಗ ಒಮ್ಮೆ ಅಂಗಾಲು, ಅಂಗೈ, ಇಪ್ಪತ್ತು ಉಗುರು ನೋಡಿಕೊಂಡರೆ ಸಾಕು. ಬಗ್ಗಲಾಗದ ಉಮ್ಮ, ಬಾಪರ ಪಾದವನ್ನು ಮಕ್ಕಳು ನೋಡಲಿ. ಅದೂ ಖಿದ್ಮತೇ.

ಹೆಂಗಸರಿಗೆ ಒಂದು ಸೂಚನೆ. ಮೈಲಾಂಜಿಯ ಬಣ್ಣ ವುಳೂವಿನ ನೀರನ್ನು ತಡೆಯುವುದಿಲ್ಲ, ಆದರೆ ಉಗುರಿನ ಗೆರೆಯನ್ನು ಮರೆಮಾಡುತ್ತದೆ. ಮತ್ತೆ ಹಚ್ಚುವ ಮೊದಲು ಬಣ್ಣ ಮಾಸಿದಾಗ ಉಗುರುಗಳನ್ನು ಒಮ್ಮೆ ನೋಡಿ.

ತೋರಿಸುವುದಕ್ಕೆ ನಾಚಿಕೆ ಬೇಡ

ಮೈಯ ಮರೆಯ ಜಾಗದ ಕಲೆಯನ್ನು ತೋರಿಸಲು ನಮ್ಮ ಹೆಂಗಸರು ಹಿಂಜರಿಯುತ್ತಾರೆ. ಲೇಡಿ ಡಾಕ್ಟರು ಸಿಕ್ಕರೆ ಅವರಿಗೇ ತೋರಿಸಿ. ಸಿಗದಿದ್ದರೆ ಚಿಕಿತ್ಸೆಗೆ ಅಗತ್ಯವಿರುವಷ್ಟು ಜಾಗವನ್ನು ಪುರುಷ ಡಾಕ್ಟರಿಗೂ ತೋರಿಸಲು ಶರೀಅತ್ ಅನುಮತಿಸುತ್ತದೆ. ಗಂಡನೋ ಉಮ್ಮನೋ ಜೊತೆಗಿರಲಿ. ಕಾಯಿಲೆಗೆ ಚಿಕಿತ್ಸೆ ಪಡೆಯಬೇಕೆಂದು ಕಲಿಸಿದವರು ಪ್ರವಾದಿಯವರೇ (ಸ). ಮರೆಮಾಚಿ ಪ್ರಾಣಕ್ಕೆ ಕುತ್ತು ತಂದುಕೊಳ್ಳುವುದು ಹಯಾ ಅಲ್ಲ.

"ಕತ್ತರಿ ಇಟ್ಟರೆ ಹರಡುತ್ತೆ" ಎಂಬ ಮಾತೂ ನಮ್ಮಲ್ಲಿ ಬಲವಾಗಿದೆ. ತುಂಡು ತೆಗೆದು ಪರೀಕ್ಷೆ ಮಾಡುವುದರಿಂದ ಈ ಕ್ಯಾನ್ಸರ್ ಹರಡುವುದಿಲ್ಲ. ಪರೀಕ್ಷೆ ಮಾಡದೆ ಬಿಟ್ಟರೆ ಹರಡುತ್ತದೆ. ತೆಳುವಾಗಿರುವಾಗಲೇ ಸಿಕ್ಕ ಮೆಲನೋಮಾವನ್ನು ಹೆಚ್ಚಿನ ಸಲ ಒಂದು ಶಸ್ತ್ರಚಿಕಿತ್ಸೆಯಲ್ಲೇ ತೆಗೆದು ಮುಗಿಸಬಹುದು. ಆಳಕ್ಕೆ ಇಳಿದ ಮೇಲೆ ಅದೇ ಕಾಯಿಲೆ ಮನೆಯನ್ನೇ ಅಲ್ಲಾಡಿಸುತ್ತದೆ.

ಮೊದಲು ಹತ್ತಿರದ ಸರಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿಂದ ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಮೈಸೂರು, ಮಂಗಳೂರು ಅಥವಾ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಇದೆ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ, ಕ್ಯಾನ್ಸರ್ ಚಿಕಿತ್ಸೆಯೂ ಅದರಲ್ಲಿ ಸೇರಿದೆ. ರೆಫರಲ್ ಚೀಟಿಯನ್ನು ಸರಕಾರಿ ಆಸ್ಪತ್ರೆಯಿಂದಲೇ ಪಡೆಯಬೇಕಾದ್ದರಿಂದ ಮೊದಲ ಹೆಜ್ಜೆ ಅಲ್ಲಿಗೇ ಇಡುವುದು ಒಳ್ಳೆಯದು. ಕಾರ್ಡು ಮಾಡಿಸಲು ತಿಳಿಯದವರಿಗೆ ಜಮಾಅತಿನ ಓದಿದ ಹುಡುಗರು ಒಂದು ಸಂಜೆ ಮಸೀದಿಯ ಬಳಿ ಕೂತು ಸಹಾಯ ಮಾಡಬಹುದು.

ಮದುವೆಗೆ ಮೊದಲು ಹುಡುಗಿಯ ಬಣ್ಣದ ಬಗ್ಗೆ ಮಾತಾಡುವುದನ್ನು ನಾವು ಹಿರಿಯರು ನಿಲ್ಲಿಸಿದರೆ ಆ ಡಬ್ಬಿಗಳಿಗೆ ಅರ್ಧ ಗಿರಾಕಿ ಇರುವುದಿಲ್ಲ. ಕ್ರೀಮಿಗೆ ಖರ್ಚು ಮಾಡುವ ಆ ಹಣದಲ್ಲಿ ಮನೆಯ ಹಿರಿಯರನ್ನು ಒಮ್ಮೆ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಅಂಗಾಲು ತೋರಿಸಿಕೊಂಡು ಬರಬಹುದು.